ಅಕ್ಕನ ಕಾಗದದಲ್ಲಿದ್ದ ‘ಟರ್ನ್’

ನಾನು ಚಿಕ್ಕವನಿದ್ದಾಗ, ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ. ನಮ್ಮೂರು ಮಸರಕಲ್ಲಿನ ಶಾಲೆಯಲ್ಲಿ ಆಗಷ್ಟೇ ಆರನೆಯ ತರಗತಿ ಮುಗಿಸಿದ್ದೆ. ಇಂಗ್ಲಿಷಿನಲ್ಲಿ ನಾನು ಓದಿದ್ದು ಎರಡೇ ಎರಡು ತೆಳ್ಳನೆಯ ಪುಸ್ತಕ. ಆದರೂ ಬೆಂಕಿಪೆಟ್ಟಿಗೆಯ ಮೇಲಿನ ಅಕ್ಷರ, ಗೊಬ್ಬರದ ಚೀಲದ ಮೇಲಿನ ಅಕ್ಷರ ಎಲ್ಲವನ್ನೂ ಗಟ್ಟಿಯಾಗಿ ಓದಿಬಿಡುತ್ತಿದ್ದೆ. ಅಪ್ಪ ಬಾವಿ ತೋಡುವ ಕೆಲಸದವನು, ಒಂದಕ್ಷರವೂ ಬಾರದವನು. ನಾನು ಓದುವಾಗ ಅವನು ಬೀಡಿ ಆರಿದ್ದನ್ನೂ ಮರೆತು ನನ್ನ ಬಾಯಿಯನ್ನೇ ನೋಡುತ್ತಿದ್ದ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಏಳನೆಯ ತರಗತಿಯವರೆಗೆ ಓದಿದ್ದಳು. ಅವಳು ಓದುವಾಗ ನಮ್ಮೂರ ಶಾಲೆಗೆ ಇಂಗ್ಲಿಷ್ ಕಲಿಸುವವರೇ ಬಂದಿರಲಿಲ್ಲ. ಆದರೆ ಕನ್ನಡ ಓದುವುದರಲ್ಲಿ, ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಿಂಗಳಿಗೊಮ್ಮೆ ದೇವದುರ್ಗದಿಂದ ನರ್ಸಮ್ಮ ಬಂದರೆ ಅಕ್ಕ ಕೂಲಿ ಬಿಟ್ಟು ಅವರ ಹಿಂದೆ ಓಡಾಡುವಳು. ಸೂಜಿ ಕುದಿಸಿ ಕೊಡುವಳು, ಅಳುವ ಕೂಸುಗಳನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುವಳು. ಸಂಜೆ ಮನೆಗೆ ಬಂದಾಗ ಅವಳ ಕೈಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಆ ದಿನ ರೊಟ್ಟಿ ತಿನ್ನುವಾಗಲೂ ಅವಳು ಕೈ ಮೂಸಿ ನೋಡಿಕೊಳ್ಳುತ್ತಿದ್ದಳು.

ರಾಯಚೂರಿನ ಒಂದು ದವಾಖಾನೆಯಲ್ಲಿ ಹಳ್ಳಿಯ ಹುಡುಗಿಯರಿಗೆ ನರ್ಸ್ ಕೆಲಸ ಕಲಿಸುತ್ತಾರೆ, ಊಟ, ವಸತಿ ಅಲ್ಲೇ ಕೊಡುತ್ತಾರೆ ಎಂದು ಆ ನರ್ಸಮ್ಮನೇ ಹೇಳಿದ್ದರು. ನಮ್ಮ ಶಾಲೆಯ ದೊಡ್ಡ ಮಾಸ್ತರರು ಅರ್ಜಿ ಬರೆದುಕೊಟ್ಟರು. ಅಕ್ಕ ಅಪ್ಪನ ಜೊತೆ ಹೋಗಿ ಒಂದು ಪರೀಕ್ಷೆ ಬರೆದು ಬಂದಳು. ಆಮೇಲೆ ದಿನವೂ ಅಂಚೆಯವನ ಸೈಕಲ್ಲಿನ ಗಂಟೆಗೆ ಕಿವಿಗೊಟ್ಟು ಕೂರುತ್ತಿದ್ದಳು.

ಕಾಗದ ಬಂದದ್ದು ಸುಡು ಬೇಸಿಗೆಯ ಒಂದು ಮಧ್ಯಾಹ್ನ. ಅಂಗಳದ ಬಂಡೆಗಲ್ಲಿನ ಮೇಲೆ ಕಾಲಿಡಲಾಗದಂಥ ಬಿಸಿಲು. ಅಪ್ಪನನ್ನು ಕರೆಯಲು ನಾನೇ ಓಡಿದೆ. ಅವನು ಬಾವಿಯೊಳಗಿಂದ ಹಗ್ಗ ಹಿಡಿದು ಮೇಲೆ ಬಂದ. ಮೈಗೆಲ್ಲ ಹಸಿ ಕೆಸರು ಮೆತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಅದು ಒಣಗಿ ಬಿರುಕು ಬಿಟ್ಟಿತ್ತು. ಬೇವಿನ ಗಿಡದ ಕೆಳಗೆ ಅವ್ವ, ಅಕ್ಕ, ಓಣಿಯ ನಾಲ್ಕೈದು ಮಂದಿ ನಿಂತಿದ್ದರು. ಅಪ್ಪ ಕೈ ತೊಳೆದು ಧೋತರಕ್ಕೆ ಒರೆಸಿಕೊಂಡು ಲಕೋಟೆಯನ್ನು ನನ್ನ ಕೈಗೆ ಕೊಟ್ಟ.

“ಓದಪಾ ನನ್ನ ಮಗನ. ಏನಂತ ಬರದಾರ?”

ಒಳಗಿದ್ದದ್ದು ಒಂದೇ ಹಾಳೆ. ಟೈಪು ಮಾಡಿದ ಇಂಗ್ಲಿಷ್. ಮೊದಲ ಸಾಲುಗಳಲ್ಲಿ ಉದ್ದುದ್ದ ಶಬ್ದಗಳಿದ್ದವು, ಒಂದೂ ನನ್ನ ಪುಸ್ತಕದಲ್ಲಿ ಬಂದದ್ದಲ್ಲ. ಕಣ್ಣು ಕೆಳಗಿಳಿಸಿದೆ. ಕೊನೆಯಲ್ಲಿ ಗೊತ್ತಿರುವ ಶಬ್ದಗಳು ಸಿಕ್ಕವು. ಆ ಸಾಲು ನನಗೆ ಇಂದಿಗೂ ಬಾಯಿಪಾಠ: ‘ಇಫ್ ಯು ಫೇಲ್ ಟು ಟರ್ನ್ ಅಪ್ ವಿದಿನ್ ಎ ಫೋರ್ಟ್‌ನೈಟ್, ಇಟ್ ವಿಲ್ ಬಿ ಟೇಕನ್ ದಟ್ ಯು ಹ್ಯಾವ್ ಟರ್ನ್ಡ್ ಡೌನ್ ದಿ ಸೀಟ್.’

‘ಯು’ ಅಂದರೆ ನೀನು. ‘ಫೇಲ್’ ಯಾರಿಗೆ ಗೊತ್ತಿಲ್ಲ? ನಮ್ಮ ತರಗತಿಯಲ್ಲೇ ಆ ವರ್ಷ ಒಂಬತ್ತು ಮಂದಿ ಫೇಲಾಗಿದ್ದರು. ‘ಟರ್ನ್’ ಕವಾಯತಿನಲ್ಲಿ ದಿನವೂ ಕೇಳುವ ಮಾತು. ಅಬೌಟ್ ಟರ್ನ್ ಅಂದರೆ ಬಂದ ದಿಕ್ಕಿಗೆ ತಿರುಗಬೇಕು. ‘ಡೌನ್’ ಅಂದರೆ ಕೆಳಗೆ. ನಡುವಿನ ಮಾತುಗಳು ತಿಳಿಯಲಿಲ್ಲ. ಆದರೆ ಅಷ್ಟು ಮಂದಿ ನನ್ನನ್ನೇ ನೋಡುತ್ತಿದ್ದರು.

“ಅಕ್ಕ ಫೇಲ್ ಆಗ್ಯಾಳ,” ಅಂದೆ. “ಹೊಳ್ಳಿ ಮನಿಗೆ ಹೋಗು ಅಂತ ಬರದಾರ. ಎರಡು ಸಲ ಬರದಾರ.”

ಅಕ್ಕ ಹತ್ತಿರ ಬಂದು ಹಾಳೆಯ ಮೇಲೆ ಬಗ್ಗಿದಳು. ತನಗೆ ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

“ಪರೀಕ್ಷೆ ಚಲೋ ಬರದಿದ್ನೆಪ್ಪಾ,” ಅಂದಳು ಅಪ್ಪನಿಗೆ. “ಮಾಸ್ತರು ರಜಾಕ್ಕ ಊರಿಗೆ ಹೋಗ್ಯಾರ, ದೇವದುರ್ಗಕ್ಕ ಹೋಗಿ ಯಾರ ಕಡಿಂದರ ಇನ್ನೊಮ್ಮೆ ಓದಿಸ್ಕೊಂಡು ಬರೂಣೇನು?”

ನನ್ನ ಮುಖ ಬಿಸಿಯಾಯಿತು. “ಯಾಕ? ನನಗ ಇಂಗ್ಲಿಷ್ ಬರಂಗಿಲ್ಲೇನು?” ಎಂದು ಕೂಗಿದೆ. “ಇಲ್ಲಿ ನೋಡು, ಫೇಲ್. ಎಫ್, ಎ, ಐ, ಎಲ್.”

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. “ಹುಡುಗ ಸುಳ್ಳು ಹೇಳ್ತಾನೇನವ್ವ? ಬಿಡು. ನಮ್ಮ ಹಣೇದಾಗಿಲ್ಲ.”

ಅಕ್ಕ ಕೊಡ ತೆಗೆದುಕೊಂಡು ನೀರಿಗೆ ಹೋದಳು. ಎಲ್ಲ ಶಬ್ದ ತಿಳಿದಿಲ್ಲ ಎಂದು ಹೇಳಿಬಿಡಬೇಕೆಂದು ನನಗೆ ಒಂದು ಕ್ಷಣ ಅನ್ನಿಸಿತು. ಅವಳ ಹಿಂದೆ ಓಣಿಯ ತುದಿಯವರೆಗೂ ನಡೆದೆ. ಹೇಳಲಿಲ್ಲ.

ಆ ವಾರವೇ ಅವ್ವ ಮಾನ್ವಿ ಕಡೆಯವರಿಗೆ ಮಾತು ಕೊಟ್ಟಳು. ಅವರು ಹಿಂದೆಯೇ ಅಕ್ಕನನ್ನು ಕೇಳಿಕೊಂಡು ಬಂದಿದ್ದರು. ವರನಿಗೆ ಒಮ್ಮೆ ಮದುವೆಯಾಗಿ ಹೆಂಡತಿ ತೀರಿಹೋಗಿದ್ದಳು. ಗದ್ದೆ ಕೆಲಸದವನು. ರಾಯಚೂರಿನ ಕಾಗದ ಬರಲಿ ಎಂದು ಅಪ್ಪ ಇಷ್ಟು ದಿನ ತಡೆದಿದ್ದ. ಈಗ ತಡೆಯಲು ಏನೂ ಉಳಿದಿರಲಿಲ್ಲ. ಎಲೆ ಅಡಿಕೆ ಕೊಟ್ಟಾಯಿತು.

ಶಾಲೆ ಶುರುವಾಗುವ ಹಿಂದಿನ ದಿನ ದೊಡ್ಡ ಮಾಸ್ತರರು ರಜೆ ಮುಗಿಸಿ ತಮ್ಮೂರಿನಿಂದ ಬಂದರು. ಬಂದವರೇ ನಮ್ಮ ಮನೆ ಬಾಗಿಲಿಗೆ ಬಂದು, “ಹುಡುಗಿ ಹ್ವಾದ್ಲೇನೋ ರಾಯಚೂರಿಗೆ?” ಎಂದು ಕೇಳಿದರು. ಅಪ್ಪ ಗೋಡೆಯ ಗೂಡಿನಿಂದ ಕಾಗದ ತೆಗೆದುಕೊಟ್ಟ. ಮಾಸ್ತರರು ನಿಂತಲ್ಲೇ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತರು.

“ಇದನ್ನ ಯಾರು ಓದಿದ್ರು?”

ಅಪ್ಪ ನನ್ನನ್ನು ತೋರಿಸಿದ. ಆಗಲೂ ಅವನ ಮುಖದಲ್ಲಿ ನನ್ನ ಬಗ್ಗೆ ಹೆಮ್ಮೆಯೇ ಇತ್ತು.

ಮಾಸ್ತರರು ಬೈಯಲಿಲ್ಲ. “ಇಂಗ್ಲಿಷ್‌ದಾಗ ಒಂದು ಶಬ್ದದ ಬೆನ್ನಿಗೆ ಸಣ್ಣದೊಂದು ಶಬ್ದ ಹತ್ತಿದ್ರ ಅರ್ಥನ ಬ್ಯಾರೆ ಆಗ್ತದ,” ಎಂದರು. “ಟರ್ನ್ ಅಪ್ ಅಂದ್ರ ಬಂದು ಹಾಜರಾಗು ಅಂತ. ಟರ್ನ್ ಡೌನ್ ಅಂದ್ರ ಬ್ಯಾಡನ್ನೋದು. ಇಲ್ಲಿ ಫೇಲ್ ಅನ್ನೋದು ಪರೀಕ್ಷೆ ಮಾತಲ್ಲ, ಹುಡುಗಿ ಪಾಸಾಗ್ಯಾಳ. ಹದಿನೈದು ದಿನದಾಗ ಬರದಿದ್ರ ಸೀಟು ಬ್ಯಾಡಂದಿ ಅಂತ ತಿಳ್ಕೋತೀವಿ ಅಂತ ಬರದಾರ.”

ಹದಿನೈದು ದಿನ ಕಳೆದು ಮತ್ತೆ ಐದು ದಿನವಾಗಿತ್ತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅಪ್ಪ, ಅಕ್ಕ, ನಾನು ರಾಯಚೂರಿಗೆ ಹೊರಟೆವು. ನನ್ನನ್ನು ಯಾಕೆ ಕರೆದುಕೊಂಡು ಹೋದರೋ ತಿಳಿಯದು. ತಪ್ಪು ನನ್ನದೆಂದು ನಾನೇ ಹೇಳಬೇಕಾಗಬಹುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ದವಾಖಾನೆಯ ವರಾಂಡದಲ್ಲಿ ನಾಲ್ಕೈದು ಹುಡುಗಿಯರು ಬಿಳಿ ಸೀರೆಯುಟ್ಟು, ಒಗೆದ ಹಾಸಿಗೆಬಟ್ಟೆಗಳನ್ನು ಮಡಚುತ್ತಿದ್ದರು. ಅಕ್ಕ ಅವರನ್ನೇ ನೋಡುತ್ತ ನಿಂತಳು.

ಒಳಗಿದ್ದ ಹಿರಿಯ ನರ್ಸಮ್ಮನವರು ಒಳ್ಳೆಯವರು. ಅಪ್ಪ ಕಾಲು ಹಿಡಿಯಲು ಬಗ್ಗಿದಾಗ ತಡೆದರು. “ಮೂರು ದಿನ ಹೆಚ್ಚಿಗೇನ ಕಾದಿವ್ರಿ. ಮೊನ್ನೆ ಬ್ಯಾರೆ ಹುಡುಗಿಗೆ ಕೊಟ್ಟೀವಿ. ಆಕಿನ್ನ ಹ್ಯಾಂಗ ಹೊರಗ ಹಾಕ್ಲಿ, ನೀವ ಹೇಳ್ರಿ?” ಎಂದರು.

“ಮುಂದಿನ ವರ್ಷ ಬರ್ಲೇನ್ರಿ?” ಅಕ್ಕ ಕೇಳಿದಳು.

“ಬಾರವ್ವ. ಆದ್ರ ಮದುವಿ ಆದವ್ರನ್ನ ತಗೋಳಂಗಿಲ್ಲ.”

ಅಕ್ಕ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ಮಾತು ಕೊಟ್ಟಾಗಿತ್ತು. ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕುಳಿತಳು. ಬಿಸಿಗಾಳಿಗೆ ಅವಳ ತುಟಿ ಒಣಗಿತ್ತು. ನಮ್ಮೂರು ಹತ್ತಿರವಾದಾಗ ಕೇಳಿದಳು.

“ಆ ಶಬ್ದಕ್ಕ ಮಾಸ್ತರು ಏನಂದ್ರೋ?”

“ಬಂದು ಹಾಜರಾಗು ಅಂತ,” ಅಂದೆ.

“ಇಷ್ಟೇ ಏನು?” ಅಂದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, “ನನಗ ತಿಳಿವಲ್ದು ಅಂತ ಅಂದಿದ್ರ ಸಾಕಿತ್ತಲ್ಲೋ ತಮ್ಮ,” ಎಂದಳು. ಆ ಮಾತನ್ನು ಅವಳು ಜೀವಮಾನದಲ್ಲಿ ಮತ್ತೆ ಎತ್ತಲಿಲ್ಲ.

ಶ್ರಾವಣದಲ್ಲಿ ಅವಳ ಮದುವೆಯಾಯಿತು. ಮಾನ್ವಿಯ ಕಾಲುವೆ ನೀರಿನ ಗದ್ದೆಗಳಲ್ಲಿ ನಲವತ್ತು ವರ್ಷ ಬಗ್ಗಿ ಭತ್ತದ ಸಸಿ ನೆಟ್ಟಳು. ಈಗ ನಿಂತರೂ ಅವಳ ಬೆನ್ನು ನೆಟ್ಟಗಾಗುವುದಿಲ್ಲ. ನಾನು ಓದಿದೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾದೆ. ತಿಳಿಯದ್ದನ್ನು ತಿಳಿಯದು ಎನ್ನುವ ಹುಡುಗನಿಗೆ ನಾನು ಎಂದೂ ಹೊಡೆಯಲಿಲ್ಲ. ಅದರಿಂದ ಅಕ್ಕನಿಗೇನೂ ಸಿಗಲಿಲ್ಲ. ನೌಕರಿ ಬಂದ ಮೊದಲ ವರ್ಷ ಅವಳನ್ನು ಎಲ್ಲಾದರೂ ಸೇರಿಸಬೇಕೆಂದು ನಾಲ್ಕಾರು ಕಡೆ ಅಲೆದೆ. ವಯಸ್ಸು ಮೀರಿದೆ ಎಂದರು. ಅಕ್ಕನೇ, “ಸಾಕು ಬಿಡೋ, ನಾಟಿ ಟೈಮ್ ಅದ,” ಎಂದು ನನ್ನನ್ನು ವಾಪಸು ಕಳಿಸಿದಳು.

ಮೊಮ್ಮಕ್ಕಳೇ, ಹೋದ ಭಾನುವಾರ ಶಾಲೆಯ ಅಭ್ಯಾಸಕ್ಕೆಂದು ನೀವು ‘ಟರ್ನ್’ ಸೇರಿದ ಮಾತುಗಳನ್ನು ಹುಡುಕುತ್ತಿದ್ದಿರಿ. ಫೋನಿಗೆ ಕೇಳಿದಿರಿ. ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತು ಬಂದವು. ಟರ್ನ್ ಇನ್ ಅಂದರೆ ಮಲಗಲು ಹೋಗುವುದು, ಟರ್ನ್ ಓವರ್ ಎ ನ್ಯೂ ಲೀಫ್ ಅಂದರೆ ಹೊಸದಾಗಿ ಬಾಳುವುದು. ನಿಮ್ಮಲ್ಲಿ ಚಿಕ್ಕವನಂತೂ, “ಬದನೆಕಾಯಿ ಪಲ್ಯ ನನಗೆ ಟರ್ನ್ ಆಫ್, ನೋಡಿದರೇ ಬೇಡ,” ಎಂದು ಎಲ್ಲರನ್ನೂ ನಗಿಸಿದ. ತಾತ ಯಾಕೆ ಎದ್ದು ಹೊರಗೆ ಹೋದರು ಎಂದು ನೀವು ಕೇಳಿದಿರಿ. ಅದಕ್ಕೇ ಇದನ್ನು ಬರೆದೆ. ನಿಮ್ಮ ಕೈಯಲ್ಲಿರುವ ಆ ಪುಟ್ಟ ಫೋನು ಅಂದು ಒಂದು ಗಳಿಗೆ ನಮ್ಮೂರಿನಲ್ಲಿದ್ದಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಯೋಚಿಸಿ ಫಲವಿಲ್ಲ.

ಪುಟ್ಟೀ, ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ನಿನ್ನನ್ನು ಕೇಳದವರಿಲ್ಲ. ನೀನು ದಿನಕ್ಕೊಂದು ಉತ್ತರ ಕೊಡುತ್ತೀ. ಹೋದ ತಿಂಗಳು ಮಾನ್ವಿಗೆ ಹೋದಾಗ ಅದೇ ಪ್ರಶ್ನೆಯನ್ನು ನೀನು ನನ್ನ ಅಕ್ಕನಿಗೂ ಕೇಳಿದೆ. “ದೊಡ್ಡಜ್ಜೀ, ಸಣ್ಣವಳಿದ್ದಾಗ ನೀನು ಏನಾಗಬೇಕು ಅಂತಿದ್ದೆ?”

ಅಕ್ಕ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

“ಏನೂ ಇಲ್ಲವ್ವ,” ಅಂದಳು. “ನಮ್ಮ ಕಾಲದಾಗ ಯಾರೂ ಹಂಗೆಲ್ಲ ಅಂದ್ಕೋತಿದ್ದಿಲ್ಲ.”