ಗೋಡೆಯ ಮುಂದಿನ ಬೆಂಚು

ಕಳೆದ ವರ್ಷ ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ, ನಮ್ಮ ರಸ್ತೆಯ ಏರಿನ ಅರ್ಧದಲ್ಲಿರುವ ಕೆಂಪುಕಲ್ಲಿನ ತಡೆಗೋಡೆಗೆ ಬರೆದ ಚಿತ್ರವನ್ನೂ ಅದರ ಮುಂದೆ ಇಟ್ಟ ಸಿಮೆಂಟ್ ಬೆಂಚನ್ನೂ ಉದ್ಘಾಟಿಸಲಾಯಿತು. ರಿಬ್ಬನ್ ಕತ್ತರಿಸಿದವರು ನಿವಾಸಿಗಳ ಸಂಘದ ಅಧ್ಯಕ್ಷರು. ನಾನು ಪತ್ರಿಕೆಯವನಾದರೂ ವರದಿ ಮಾಡಲು ಹೋಗಿರಲಿಲ್ಲ. ಅಕ್ಕನ ತರಕಾರಿ ಚೀಲ ಹಿಡಿದುಕೊಂಡು ನಿಂತಿದ್ದೆ.

ಬೆಂಚು ಅಕ್ಕನ ಬೇಡಿಕೆ. ಮಂಗಳೂರಿನ ಬಿಕರ್ನಕಟ್ಟೆ ಕಡೆಯಿಂದ ಬರುವ ಬಸ್ಸು ಗುಡ್ಡದ ಬುಡದಲ್ಲಿ ಇಳಿಸುತ್ತದೆ. ಅಲ್ಲಿಂದ ಮನೆಯವರೆಗೆ ಏರು. ಅಕ್ಕನ ಬಲ ಮೊಣಕಾಲು ಸವೆದಿದೆ. ನಡುವೆ ಒಮ್ಮೆ ಕೂತರೆ ಮೇಲೆ ಬರುತ್ತಾಳೆ. ಕೂರಲು ಆಗದಿದ್ದರೆ ವಿದ್ಯುತ್ ಕಂಬ ಹಿಡಿದು ನಿಲ್ಲುತ್ತಾಳೆ, ನೋವು ಇಳಿಯುವುದಿಲ್ಲ. ಗಂಡಸರಿಗೆ ಕೂರಲು ಗೂಡಂಗಡಿಯ ಹಲಗೆ ಇದೆ, ಹೋಟೆಲಿನ ಜಗಲಿ ಇದೆ. ಹೆಂಗಸು ಅಲ್ಲಿ ಕೂತರೆ ಯಾರೂ ಏಳು ಎನ್ನುವುದಿಲ್ಲ. ಮಾತು ನಿಲ್ಲಿಸಿ ನೋಡುತ್ತಾರೆ, ಅಷ್ಟೆ.

ಆ ಗೋಡೆ ಮೊದಲು ಹೇಗಿತ್ತು ಎಂಬುದನ್ನೂ ಹೇಳಬೇಕು. ಸೊಂಟದ ಎತ್ತರದವರೆಗೆ ಕಲ್ಲು ಕಪ್ಪಗಾಗಿ, ಅದರ ಮೇಲೆ ಉಪ್ಪಿನಂಥ ಬಿಳಿ ಪದರ ಕಟ್ಟಿತ್ತು. ಬುಡದಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲಗಳು. ಕಾಗೆಗಳು ಅವನ್ನು ಹರಿದರೆ ಮೀನಿನ ಕರುಳು ಮತ್ತು ಮಕ್ಕಳ ಡೈಪರ್ ಒಟ್ಟಿಗೆ ಹೊರಗೆ ಬರುತ್ತಿದ್ದವು. ಮಳೆಗಾಲದಲ್ಲಿ ಇದೆಲ್ಲವನ್ನು ತೊಳೆದ ನೀರು ಇಳಿಜಾರಿನಲ್ಲಿ ಹರಿದು ಬಸ್ಸಿಗೆ ಕಾಯುವವರ ಚಪ್ಪಲಿಯ ಅಡಿಗೆ ತಲುಪುತ್ತಿತ್ತು. ಕಾರು ನಿಲ್ಲಿಸಿ, ಇಳಿದು, ಗೋಡೆಗೆ ಮುಖ ಮಾಡಿ ನಿಂತು, ಆಮೇಲೆ ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡು ಹೊರಟವರನ್ನು ನೋಡಿದ್ದೇನೆ. ಕಾರಿನ ಒಳಗೆ ಗಲೀಜು ಮಾಡದವರು.

ಚಿತ್ರ ಬರೆದವರು ಹತ್ತಿರದ ಶಾಲೆಯ ಚಿತ್ರಕಲೆಯ ಟೀಚರ್. ಅವರು ಗೋಡೆಯ ಉದ್ದಕ್ಕೂ ಒಂದು ಬೆಂಚು ಬರೆದು, ಅದರ ಮೇಲೆ ಹೆಂಗಸರನ್ನು ಸಾಲಾಗಿ ಕೂರಿಸಿದ್ದರು: ಒಬ್ಬಳು ಬಸಳೆ ಸೋಸುತ್ತಿದ್ದಾಳೆ, ಒಬ್ಬಳು ಮೊಬೈಲಿನಲ್ಲಿ ಮಾತಾಡುತ್ತಿದ್ದಾಳೆ, ಇನ್ನೊಬ್ಬಳು ಸುಮ್ಮನೆ ಕಾಲು ನೀವಿಕೊಳ್ಳುತ್ತಿದ್ದಾಳೆ. ಸಾಲಿನ ನಡುವೆ ಜಾಗ ಬಿಟ್ಟು, ಅಲ್ಲಿ ನಿಜವಾದ ಬೆಂಚು ಇಟ್ಟಿದ್ದರು. ಅದರ ಮೇಲೆ ಕೂತವರು ಚಿತ್ರದ ಹೆಂಗಸರ ಸಾಲಿಗೆ ಸೇರಿಕೊಳ್ಳುತ್ತಿದ್ದರು.

ನೆರೆಮನೆಯ ಕ್ರಿಶ್ಚಿಯನ್ ಹೆಂಗಸನ್ನು ನಾವೆಲ್ಲ ಬಾಯಿ ಎಂದೇ ಕರೆಯುವುದು. ಉದ್ಘಾಟನೆಯ ದಿನ ಅವರು ಗೋಡೆಯನ್ನು ಎರಡು ಸಲ ನೋಡಿ ಕೇಳಿದರು: "ಈ ಬಸಳೆಯವಳು ನಾನಾ ಟೀಚರ್? ಹೊಟ್ಟೆ ಚೂರು ಕಮ್ಮಿ ಮಾಡ್ಬಹುದಿತ್ತು."

"ಹೊಟ್ಟೆ ಅಲ್ಲ ಬಾಯಿ, ಅದು ಸೀರೆಯ ನೆರಿಗೆ."

"ಹಾಗಾದ್ರೆ ಅಡ್ಡಿಲ್ಲ. ನಮ್ಮ ಮನೆಯವರಿಗೂ ಹಾಗೇ ಹೇಳ್ತೇನೆ."

ಅಧ್ಯಕ್ಷರು ಹೋಟೆಲು ನಡೆಸುವವರು, ಒಂದು ಕಾಲದಲ್ಲಿ ಈ ಗುಡ್ಡದ ಅರ್ಧ ಅವರ ಮನೆತನದ್ದೇ. ಇನ್ನು ಈ ಜಾಗ ಎಲ್ಲರದ್ದು ಎಂದು ಮೈಕಿನಲ್ಲಿ ಹೇಳಿದರು. ಫೋಟೋ ತೆಗೆಸಿಕೊಂಡವರು ಹೋದ ಮೇಲೆ ಅಲ್ಲಿ ಉಳಿದದ್ದು ಹರಿದ ರಿಬ್ಬನ್, ಪೇಪರ್ ಲೋಟಗಳು ಮತ್ತು ಅರ್ಧ ತಿಂದ ಗೋಳಿಬಜೆ. ಲೋಟಗಳನ್ನು ಹೆಕ್ಕಿದವಳು ಅಕ್ಕ.

ಅಂದಿನಿಂದ ಸಂಜೆ ಅಕ್ಕ, ಬಾಯಿ, ಕೆಲವೊಮ್ಮೆ ಟೀಚರ್ ಅಲ್ಲಿ ಕೂರತೊಡಗಿದರು. ಗಂಡಸರು ಮೂತ್ರಕ್ಕೆ ಬರುವುದನ್ನು ಬಿಡಲಿಲ್ಲ. ಬೆಂಚಿನಿಂದ ಸ್ವಲ್ಪ ದೂರ ಸರಿದು, ಸಾಲಿನ ಕೊನೆಯ ಹೆಂಗಸಿನ ಎದುರು ನಿಲ್ಲತೊಡಗಿದರು. ಅವಳ ಸೀರೆಯ ನೀಲಿ ಬಣ್ಣ ಕೆಳಗಿನಿಂದ ಹಳದಿಯಾಗುತ್ತ ಬಂತು. ಅಕ್ಕ ಮೂಗಿಗೆ ಸೆರಗು ಹಿಡಿದು ಕೂರುತ್ತಿದ್ದಳು, ಆದರೂ ಕೂರುತ್ತಿದ್ದಳು.

ಅಧ್ಯಕ್ಷರು ಪರಿಹಾರ ಹೊತ್ತುಕೊಂಡು ಮನೆಗೇ ಬಂದರು. ಟೀಚರ್ ಕೂಡ ಅಲ್ಲಿದ್ದರು.

"ದೇವರ ಟೈಲ್ಸ್ ಹಾಕುವ. ನಮ್ಮ ಹೋಟೆಲಿನ ಹಿಂದಿನ ಗೋಡೆಗೆ ಹಾಕಿಸಿದ್ದೇನೆ, ಮರುದಿನದಿಂದ ಒಬ್ಬನೂ ಬರುದಿಲ್ಲ. ಕೃಷ್ಣ, ಬಾಲಯೇಸು, ಮಸೀದಿ, ಮೂರೂ ಹಾಕುವ. ಯಾವ ಜಾತಿಯವನಿಗೂ ನಿಲ್ಲಲಿಕ್ಕೆ ಜಾಗ ಸಿಗಬಾರದು."

"ಚಿತ್ರದ ಮೇಲೆಯೇ ಅಂಟಿಸುದಾ ಸರ್?" ಎಂದು ಟೀಚರ್ ಕೇಳಿದರು.

"ಮೇಲೆ ಅಲ್ಲ ಟೀಚರ್, ಕೆಳಗೆ. ನೀರು ಬೀಳುವ ಎತ್ತರದಲ್ಲಿ ಇದ್ರೆ ಮಾತ್ರ ಪ್ರಯೋಜನ. ಮುಖ ಎಲ್ಲ ಹಾಗೇ ಉಳೀತದೆ, ನಿಮಗೆಂತ ತೊಂದರೆ?"

ಅಕ್ಕ ಅಧ್ಯಕ್ಷರ ಪರ. "ಹಾಕಿಸಿ ಮಾರಾಯ್ರೆ. ನನಗೆ ಮೂಗು ಬಿಟ್ಟು ಕೂತ್ಕೊಳ್ಲಿಕ್ಕೆ ಆದ್ರೆ ಸಾಕು."

ಟೈಲ್ಸ್ ಬಂದವು. ಬೆಂಚಿನ ಹಿಂದೆ ಖಾಲಿ ಬಿಟ್ಟರೆ ರಾತ್ರಿ ಅಲ್ಲೇ ಬಂದು ನಿಲ್ಲುತ್ತಾರೆ ಎಂದು ಅಲ್ಲಿಗೂ ಅಂಟಿಸಿದರು. ಬಸಳೆ ಸೋಸುವವಳ ಮಡಿಲಲ್ಲಿ ಬಾಲಯೇಸು, ಕಾಲು ನೀವಿಕೊಳ್ಳುವವಳ ಮೊಣಕಾಲಿನ ಮೇಲೆ ಮಸೀದಿ, ಅಕ್ಕ ಕೂರುವ ಜಾಗದ ಹಿಂದೆ ಕೊಳಲು ಹಿಡಿದ ಕೃಷ್ಣ. ಸಿಮೆಂಟ್ ಕೆಳಗೆ ಸೋರಿ ಹೆಂಗಸರ ಪಾದಗಳ ಮೇಲೆ ಗಟ್ಟಿಯಾಗಿತ್ತು, ಯಾರೂ ಒರೆಸಲಿಲ್ಲ. ವಾಸನೆ ಮಾತ್ರ ಕೆಲವೇ ದಿನಗಳಲ್ಲಿ ನಿಂತಿತು. ಅಕ್ಕ ಮೂಗು ಬಿಟ್ಟು ಕೂತಳು.

ದಿನಾ ಬೆಳಿಗ್ಗೆ ಹೂವಿನ ಬುಟ್ಟಿ ಹಿಡಿದು ಆ ದಾರಿಯಲ್ಲಿ ದೇವಸ್ಥಾನಕ್ಕೆ ಹೋಗುವ ಭಟ್ಟರು ಒಂದು ದಿನ, ತರಕಾರಿ ತಂದು ಬೆಂಚಿನ ಮೇಲೆ ಕೂತಿದ್ದ ಅಕ್ಕನ ಎದುರು ನಿಂತರು. ಅವರು ಗದರಿಸಲಿಲ್ಲ.

"ಅಕ್ಕಾ, ಬೇಸರ ಮಾಡ್ಬೇಡಿ. ದೇವರಿಗೆ ಬೆನ್ನು ಹಾಕಿ ಕೂತಿದ್ದೀರಲ್ಲ."

ಅಕ್ಕ ತಟ್ಟನೆ ಎದ್ದಳು. ಆ ಮಾತು ಸಂಜೆಯೊಳಗೆ ರಸ್ತೆಯ ವಾಟ್ಸಾಪ್ ಗುಂಪಿಗೆ ಬಂತು. ಟೈಲ್ಸ್ ತೆಗೆಯಿರಿ ಎಂದು ಟೀಚರ್ ಬರೆದರು. ದೇವರನ್ನು ಉಳಿ ಹಿಡಿದು ಕೀಳುವವರು ಯಾರು ಎಂದು ಅಧ್ಯಕ್ಷರು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಬದಲಿಗೆ ನಾಲ್ಕು ಜನ ಸೇರಿ ಬೆಂಚನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಇಟ್ಟರು. ರಸ್ತೆ ಕಿರಿದಾದ್ದರಿಂದ ಹಿಂದೆ ಸರಿಸಲು ಜಾಗ ಇರಲಿಲ್ಲ. ಕೂತರೆ ಮೊಣಕಾಲು ಕೃಷ್ಣನಿಗೆ ತಾಗುತ್ತಿತ್ತು, ಕಿವಿಯ ಹಿಂದೆಯೇ ರಿಕ್ಷಾ ಹಾರ್ನ್ ಹೊಡೆಯುತ್ತಿತ್ತು.

"ಶಾಲೆಯಲ್ಲಿ ಶಿಕ್ಷೆ ಕೊಟ್ಟ ಹಾಗೆ ಉಂಟು," ಎಂದರು ಬಾಯಿ. "ಎಂತ ತಪ್ಪು ಮಾಡಿದ್ದೆಂದು ಮಾತ್ರ ಹೇಳುದಿಲ್ಲ."

"ಏರು ಹತ್ತಿದ್ದು," ಎಂದಳು ಅಕ್ಕ.

ಮುಂದಿನ ವಾರ ಇನ್ನೊಂದು ಆಕ್ಷೇಪ ಬಂತು: ಕೂತವರ ಚಪ್ಪಲಿಕಾಲು ದೇವರ ಕಡೆಗೆ ಚಾಚುತ್ತದೆ. ಅದು ಬೆನ್ನು ಹಾಕುವುದಕ್ಕಿಂತ ದೊಡ್ಡ ದೋಷ ಎಂಬ ವಿಷಯದಲ್ಲಿ ಗುಂಪಿನಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಬೆಂಚನ್ನು ಎತ್ತಿ ಅಧ್ಯಕ್ಷರ ಅಂಗಳಕ್ಕೆ ಸಾಗಿಸಿದರು. ಹಾಗೆ ಸಾಗಿಸಿದವರಲ್ಲಿ ಇಬ್ಬರು ಅದೇ ಗೋಡೆಗೆ ಮುಖ ಮಾಡಿ ನಿಂತದ್ದನ್ನು ನಾನು ಹಿಂದೆ ನೋಡಿದ್ದೆ. ಎತ್ತುವ ಮೊದಲು ಅವರು ಚಪ್ಪಲಿ ಕಳಚಿ ಕೈಮುಗಿದರು.

ಬೆಂಚು ಇದ್ದ ಜಾಗ ಖಾಲಿಯಾಯಿತು. ನಮ್ಮೂರಿನಲ್ಲಿ ಹಳೆಯ ದೇವರ ಫೋಟೋವನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. ಮರದ ಬುಡದಲ್ಲೋ ದೇವರಿರುವ ಕಡೆಯಲ್ಲೋ ಇಟ್ಟು ಬರುತ್ತಾರೆ. ಈಗ ದೇವರು ಗೋಡೆಯಲ್ಲೇ ಇದ್ದರು. ಮೊದಲು ಗೆದ್ದಲು ಹಿಡಿದ ಒಂದು ಲಕ್ಷ್ಮಿಯ ಫೋಟೋ ಬಂತು. ಆಮೇಲೆ ಮೂಗು ಮುರಿದ ಗಣಪತಿ, ಕೈಯಿಲ್ಲದ ಮೇರಿಯಮ್ಮ, ಹಳೆಯ ಕ್ಯಾಲೆಂಡರುಗಳು. ಅವುಗಳ ಜೊತೆಗೆ ಪೂಜೆಯ ಹೂವು, ಪ್ಲಾಸ್ಟಿಕ್ ಚೀಲದ ಸಮೇತ. ಹೂವು ಚೀಲದೊಳಗೆ ಕೊಳೆತು ಕಂದು ನೀರಾಯಿತು. ಒಡೆದ ತೆಂಗಿನಕಾಯಿಯಲ್ಲಿ ಹುಳು ಬಿದ್ದವು. ಹೆಗ್ಗಣಗಳು ಬಂದವು.

ಕಸದ ಗಾಡಿಯವರನ್ನು ನಿಲ್ಲಿಸಿ ಕೇಳಿದೆ.

"ನಾವು ಹೇಗೆ ಮುಟ್ಟುದು ಸರ್? ಕಸದ ಗಾಡಿಗೆ ದೇವರನ್ನು ಹಾಕಿದ್ರೆ ಸಂಜೆಗೆ ನಮ್ಮದೇ ಫೋಟೋ ಬರ್ತದೆ ವಾಟ್ಸಾಪಿನಲ್ಲಿ. ನೀವು ಹಾಕಿ ಕೊಡಿ, ಕೊಂಡುಹೋಗ್ತೇವೆ."

ನಾನು ಹಾಕಿ ಕೊಡಲಿಲ್ಲ.

ಅಕ್ಕ ಅಧ್ಯಕ್ಷರ ಮನೆಗೆ ಹೋಗಿ, ಬೆಂಚನ್ನು ಎದುರು ಬದಿಯಲ್ಲಿಯಾದರೂ ಇಡಿ ಎಂದು ಕೇಳಿದಳು. ಆ ಬದಿ ಯಾರದೋ ಗೇಟಿನ ಎದುರು ಬರುತ್ತದೆ, ಅವರು ಒಪ್ಪುವುದಿಲ್ಲ ಎಂದರು ಅಧ್ಯಕ್ಷರು. ಅವರು ಮಾತಾಡುವಾಗ ಬೆಂಚಿನ ಮೇಲೆ ಕ್ರೋಟನ್ ಗಿಡದ ಕುಂಡಗಳಿದ್ದವು. ಅಕ್ಕನಿಗೆ ಕುರ್ಚಿ ಕೊಟ್ಟು, ಬೊಂಡದ ನೀರು ಕುಡಿಸಿ ಕಳಿಸಿದರು.

ಸಂಘದ ಫೇಸ್‌ಬುಕ್ ಪುಟದಲ್ಲಿ ಉದ್ಘಾಟನೆಯ ದಿನದ ಫೋಟೋ ಈಗಲೂ ಇದೆ. ಅದರಲ್ಲಿ ಅಕ್ಕ ಬೆಂಚಿನ ಮೇಲೆ ಕೂತಿದ್ದಾಳೆ. ಗಂಡಸರು ಈಗ ಟೈಲ್ಸ್ ಮುಗಿಯುವ ಜಾಗದಿಂದ ಆಚೆ, ಟ್ರಾನ್ಸ್‌ಫಾರ್ಮರಿನ ಪಕ್ಕ ನಿಲ್ಲುತ್ತಾರೆ. ಅಲ್ಲಿಗೂ ಟೈಲ್ಸ್ ತರಿಸುವುದೆಂದು ಸಂಘದ ಕಳೆದ ಸಭೆಯಲ್ಲಿ ತೀರ್ಮಾನವಾಗಿದೆ. ಈ ಸೋಮವಾರ ಸಂಜೆ ಅಕ್ಕ ಬಸ್ಸಿನಿಂದ ಇಳಿದು, ರಿಕ್ಷಾ ಸಿಗದೆ ನಡೆದು ಬಂದಳು. ಗೋಡೆಯ ಹತ್ತಿರ ವಿದ್ಯುತ್ ಕಂಬ ಹಿಡಿದು ನಿಂತಳು.