ಅಣ್ಣನ ಎಡೆಗೆ ಬಂದ ಡಬ್ಬಿಗಳು

ನಮ್ಮ ಅಣ್ಣನನ್ನು ಕೊಂದದ್ದು ಅವನ ಇಬ್ಬರು ಗಂಡುಮಕ್ಕಳೇ. ಇದು ಅವರಿಗೆ ಇನ್ನೂ ತಿಳಿದಿಲ್ಲ.

ಸವಣೂರಿನಲ್ಲಿ ಅಣ್ಣನಿಗೆ ಹತ್ತಿ ಮಿಲ್ಲು ಇತ್ತು, ಕಾರುಗಳಿದ್ದವು, ಶಿಗ್ಗಾಂವಿ ಹತ್ತಿರ ಹೆದ್ದಾರಿಗೆ ಹತ್ತಿಕೊಂಡ ಹೊಲವಿತ್ತು. ಹೊಲ ಯಾರಿಗೆ ಎಂದು ಸಾಯುವತನಕ ಬಾಯಿ ಬಿಡಲಿಲ್ಲ. ಮಕ್ಕಳು ಒಂದೇ ಮನೆಯಲ್ಲಿದ್ದರೂ ಸ್ನಾನಕ್ಕೆ ಹೋಗುವಾಗಲೂ ತಮ್ಮ ತಮ್ಮ ಕೋಣೆಗೆ ಬೀಗ ಹಾಕುವವರು.

ಅಣ್ಣನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಬೆಲ್ಲ ಸಹ ಇಡುತ್ತಿರಲಿಲ್ಲ. ಹಿರೇಕೆರೂರಿನಿಂದ ತಂದ ಸಣ್ಣ ಸೊಸೆ ದಿನಾ ಹಾಗಲಕಾಯಿ ರಸ ಕುಡಿಸುತ್ತಿದ್ದಳು. "ಈಕಿ ನನಗ ವಿಷಾ ಕುಡಸಾಕತ್ತಾಳ ನೋಡ್ರಿ" ಎಂದು ಅಣ್ಣ ಬಂದವರೆದುರು ಮುಖ ಕಿವುಚುತ್ತಿದ್ದ. ಅದು ನಗೆಮಾತು. ಒಂದು ಬೆಳಿಗ್ಗೆ ಅವನು ಏಳಲಿಲ್ಲ. ನಗೆಮಾತೇ ಸಾಕ್ಷಿಯಾಯಿತು.

ಸಕ್ಕರೆ ಏರಿತ್ತು ಎಂದರು ಡಾಕ್ಟರು. ಯಾರೂ ನಂಬಲಿಲ್ಲ.

"ಬೆಲ್ಲ ಸುದ್ದಾ ಇಲ್ಲದ ಮನ್ಯಾಗ ಸಕ್ಕರಿ ಎಲ್ಲಿಂದ ಏರತೈತ್ರಿ ಅತ್ತಿ?" ಎಂದ ಹಿರಿಯ ಮಗ. "ಹಾಲು-ತುಪ್ಪ ಮುಗೀಲಿ, ಈಕಿನ್ನ ತವರಿಗೆ ಅಟ್ಟತೇವಿ."

ಅವಳ ಗಂಡ, ಸಣ್ಣ ಮಗ, ಗೋಡೆ ನೋಡುತ್ತ ಕುಳಿತಿದ್ದ. ಅವಳು ಕೊಟ್ಟ ಚಹಾ ಯಾರೂ ಮುಟ್ಟಲಿಲ್ಲ. ನಾನೂ ಮೂಸಿ ನೋಡಿಯೇ ಕುಡಿದೆ.

ಮೂರನೇ ದಿನ ಸಮಾಧಿಗೆ ಹಾಲು-ತುಪ್ಪ ಎರೆದು, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮಲ್ಲಿ ರೂಢಿ. ಹಿರಿಯವನು ಚೀಲದಿಂದ ಪೇಡೆಯ ಡಬ್ಬಿ ತೆಗೆದ. ಅದನ್ನು ಕಂಡದ್ದೇ ಸಣ್ಣವನು ಕಾರಿಗೆ ಓಡಿ ಜಿಲೇಬಿ ತಂದ.

"ಅಪ್ಪಗ ಪೇಡೆ ಅಂದ್ರ ಜೀವ. ದಿನಾ ನಾನ ಕದ್ದುಮುಚ್ಚಿ ತಂದು ಕೊಡತಿದ್ದೆ."

"ನಿನ್ನ ಪೇಡೆ ಗಂಟಲದಾಗ ಸಿಗತಾವ ಅಂತಿದ್ದ. ನನ್ನ ಜಿಲೇಬಿ ತಿಂದು ಕೈಬಟ್ಟ ನೆಕ್ಕತಿದ್ದ. ಹೊಲದ ಮಾತೂ ತಗದಿದ್ದ."

"ನನ್ನ ಮುಂದನೂ ತಗದಿದ್ದ!"

ಅಣ್ಣ ಇಬ್ಬರಿಗೂ ಆಸೆ ಹಚ್ಚಿ ಇಬ್ಬರ ಡಬ್ಬಿಯನ್ನೂ ಖಾಲಿ ಮಾಡಿದ್ದ.

"ಇಬ್ಬರೂ ಕೂಡಿ ಹಿಂಗ ತಿನಿಸಿದ್ರ ಎತ್ತು ಸುದ್ದಾ ಸಾಯತೈತಲ್ಲೋ" ಎಂದೆ. ಇಬ್ಬರೂ ತಮ್ಮ ತಮ್ಮ ಡಬ್ಬಿ ನೋಡಿಕೊಂಡರು. ತಿಳಿಯಿತು ಅಂದುಕೊಂಡೆ.

"ಅದಿರಲಿ ಅತ್ತಿ," ಎಂದ ಹಿರಿಯವನು, "ಇವನ ಜಿಲೇಬಿಯೊಳಗ ಏನ್ ಬೆರಸಿದ್ದ ಕೇಳ್ರಿ."

"ನಿನ್ನ ಪೇಡೆದಾಗ ಏನಿತ್ತು, ಅದನ್ನ ಮೊದಲ ಹೇಳು!"

ಸಮಾಧಿಯ ಮೇಲೆ ಹಾಲು ಇನ್ನೂ ಇಂಗಿರಲಿಲ್ಲ, ಅಂಗಿ ಹಿಡಿದು ಎಳೆದಾಡಿದರು. ಸುಸ್ತಾದ ಮೇಲೆ ಇಬ್ಬರೂ ಒಂದೇ ಕಡೆ ತಿರುಗಿದರು: ಏನೇ ಆಗಲಿ, ಅಷ್ಟು ಕಹಿ ರಸದಲ್ಲಿ ಏನೋ ಇದ್ದೇ ಇತ್ತು, ನಾಳೆಯೇ ಇವಳನ್ನು ಕಳಿಸೋಣ. ಬುದ್ಧಿ ಬಂದ ಮೇಲೆ ಅವರಿಬ್ಬರೂ ಕೂಡಿ ಒಪ್ಪಿದ ಮೊದಲ ಮಾತು ಅದೇ ಇರಬೇಕು.

ತವರಿಗೆ ಹೋದರೆ ವಿಷ ಹಾಕಿದವಳು ಎಂಬ ಹೆಸರು ಗಟ್ಟಿಯಾಗುತ್ತದೆ. ಹಾನಗಲ್ಲಿನ ನನ್ನ ಮನೆಗೆ, ಗಂಡನ ಸೋದರತ್ತೆಯ ಮನೆಗೆ, ಬಂದರೆ ನಾಲ್ಕು ದಿನ ಇರಲು ಬಂದವಳು. ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ಅವಳ ಸೀರೆಗಳನ್ನು ನನ್ನ ಚೀಲಕ್ಕೇ ತುರುಕಿ, ಅವಳನ್ನು ಹಾನಗಲ್ ಬಸ್ಸಿಗೆ ಹತ್ತಿಸಿ, ಪುಕ್ಕಟೆ ಟಿಕೀಟಿಗೆ ಕಂಡಕ್ಟರನಿಗೆ ಇಬ್ಬರ ಆಧಾರ್ ಕಾರ್ಡನ್ನೂ ನಾನೇ ತೋರಿಸಿದೆ.