ಎರಡು ಸಾವಿರದ ಇಸವಿಯ ಕೊಲೆ ಮತ್ತು ನಮ್ಮ ಮಾವ

ನಮ್ಮ ಮಾವನವರ ಹಣೆ ಎರಡು ಬಣ್ಣದ್ದು. ಪೊಲೀಸ್ ಪೇಟ ಕೂರುತ್ತಿದ್ದ ಗೆರೆಯಿಂದ ಮೇಲೆ ಬಿಳುಪು, ಕೆಳಗೆ ಬಿಸಿಲಿಗೆ ಸುಟ್ಟ ಕಪ್ಪು. ದಫೇದಾರ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ಆ ಗೆರೆ ಹೋಗಿರಲಿಲ್ಲ. ದಿನಾ ವಿಭೂತಿಯನ್ನು ಸರಿಯಾಗಿ ಅದರ ಮೇಲೇ ಎಳೆಯುತ್ತಿದ್ದರು.

ಅರವತ್ತರ ದಶಕದ ಮೊದಲಲ್ಲಿ ನಾನು ದುರ್ಗಿಗುಡಿಯ ಆ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಕಾದಂಬರಿ ಬರೆಯುವ ಹುಚ್ಚು ಹಿಡಿದಿತ್ತು. ಆಗಿನ್ನೂ ಸುಮಾರು ನಲವತ್ತು ವರ್ಷ ದೂರವಿದ್ದ ಎರಡು ಸಾವಿರದ ಇಸವಿಯಲ್ಲಿ ಭದ್ರಾವತಿಯಲ್ಲೊಂದು ಕೊಲೆ, ಅದರ ತನಿಖೆ. ಕಣ್ಣು ಮಂಜಾಗಿದ್ದರಿಂದ ಅವರು ಹೇಳುವುದು, ನಾನು ಬರೆಯುವುದು. ಮಾವನ ಎದುರು ಸೊಸೆ ಕೂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಪಡಸಾಲೆಯಲ್ಲಿ, ನಾನು ಅಡುಗೆಮನೆಯ ಬಾಗಿಲ ಹಿಂದೆ.

ಅವರ ಕಾದಂಬರಿಯ ಪೊಲೀಸರು ನಮ್ಮೂರಿಂದ ಹೊರಟು, ದಾರಿಯ ಮಲವಗೊಪ್ಪದ ಮೇಲೆ ಹಾರಿಕೊಂಡೇ ಭದ್ರಾವತಿ ಸೇರುತ್ತಿದ್ದರು. ಇಳಿದ ಮೇಲೆ ಮಾತ್ರ ಪಂಚರನ್ನು ಕರೆಸಿ, ಮಹಜರು ಬರೆದು, ಹೆಬ್ಬೆಟ್ಟು ಒತ್ತಿಸಬೇಕು. "ಹಾರಾಡ್ಲಿ, ಬೇಡ ಅನ್ನಲ್ಲ. ಮಹಜರು ಬಿಟ್ರೆ ಕೇಸು ನಿಲ್ಲಲ್ಲ ಕಣಮ್ಮ," ಎನ್ನುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಆದರೆ ಆ ದಿನಗಳಲ್ಲಿ ನನಗೆ ಒಳಗೆ ಸಂಕಟವೂ ಇತ್ತು. ಮದುವೆಗೆ ಮೊದಲು ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಭದ್ರಾವತಿಯ ಶಾಲೆಯೊಂದರಿಂದ ಕರೆ ಬಂದಿತ್ತು. ಅತ್ತೆ, ಯಜಮಾನರು ಸೇರಿ ಬೇಡವೆಂದು ತೀರ್ಮಾನಿಸಿದ್ದರು. ಮಾವ ಸುಮ್ಮನಿದ್ದರು. ನಾನು ನುಂಗಿಕೊಂಡೆ.

ಕಾದಂಬರಿ ಕೊನೆಗೆ ಬಂತು. ಸತ್ತವನು ಮನೆಯ ಹಿರಿಯ. ಯಂತ್ರವೊಂದು ಎಲ್ಲರ ಹೇಳಿಕೆಗಳನ್ನು ತೂಗಿ ನೋಡಿ, ಮನೆಯ ಸೊಸೆಯೇ ಕೊಂದವಳು ಎಂದಿತು. "ಬೇಡಿ ಹಾಕಿದರು. ಮುಕ್ತಾಯ. ಬರಿ," ಎಂದರು ಮಾವ.

ನನ್ನ ಕೈ ಏಳಲಿಲ್ಲ. ಬಾಗಿಲ ಹಿಂದಿನಿಂದಲೇ ಅಂದುಬಿಟ್ಟೆ: "ನೆರೆಯೋರ ಹೇಳಿಕೆ ತಗೊಂಡ್ರಿ, ಹಾಲಿನವನದ್ದೂ ತಗೊಂಡ್ರಿ. ಆ ಹುಡುಗೀನ ಮಾತ್ರ ಒಬ್ಬರೂ ಕೇಳ್ಲೇ ಇಲ್ವಲ್ಲ ಮಾವ."

"ಹಿರೀರ ಮುಂದೆ ಸೊಸೆ ಎಲ್ಲಿ ಮಾತಾಡ್ತಾಳೆ?" ಎಂದವರು ಅಲ್ಲೇ ತಡೆದುಕೊಂಡರು. ಆಮೇಲೆ ತೊಡೆ ತಟ್ಟಿಕೊಂಡು, "ಥೂ, ಇದೆಂಥ ತನಿಖೆ ಮಾರಾಯ್ತಿ! ನಮ್ಮ ಸಾಹೇಬ್ರಾಗಿದ್ರೆ ನನ್ನ ಚರ್ಮ ಸುಲೀತಿದ್ರು," ಎಂದರು.

ಎದ್ದು, ಕುರ್ಚಿಯೊಂದನ್ನು ತಡವುತ್ತ ಎಳೆದು ತಮ್ಮ ಎದುರಿಗೆ ಹಾಕಿದರು. "ಈಚೆ ಬಂದು ಕೂತ್ಕೋ. ಭದ್ರಾವತಿ ಕೆಲಸದ ವಿಚಾರದಲ್ಲಿ ನಿಂದೇನು ಹೇಳಿಕೆ? ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಒಲೆಯ ಮುಂದೆ ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದರು. ನಾನು ಕುರ್ಚಿಯ ತುದಿಯಲ್ಲಿ ಕೂತೆ. "ಹೋಗ್ಬೇಕು ಅಂತ ಆಸೆ ಇದೆ," ಅನ್ನುವಷ್ಟರಲ್ಲಿ ಅಳು ಬಂತು.

ಶಾಲೆಯ ಕೆಲಸಕ್ಕೆ ಹೊರಟ ಮೊದಲ ದಿನ ಬಸ್ಸಿನಲ್ಲಿ ಮಾವನೇ ಜೊತೆಗೆ ಬಂದರು. "ಟೀಚರಮ್ಮೋರಿಗೆ ಜಾಗ ಬಿಡ್ರಪ್ಪ," ಎಂದು ಅವರು ಗದರಿಸಿದಾಗ ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಕಾದಂಬರಿಯ ತನಿಖೆ ಮತ್ತೆ ಶುರುವಾಯಿತು, ಮುಗಿಯಲಿಲ್ಲ. ಕೊಲೆಗಾರ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಅವರು ಕಥೆ ಹೇಳುವುದನ್ನೇ ಬಿಟ್ಟರು. ಸಂಜೆ ನಾನು ಬರುವುದನ್ನು ಕಾದಿದ್ದು, "ಏನಾಯ್ತಮ್ಮ ಇವತ್ತು ಶಾಲೇಲಿ?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಒಂದು ಸಂಜೆ ಮಕ್ಕಳ ತಮಾಷೆಯೊಂದನ್ನು ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ. ಮನೆ ಮುಂದೆ ಜನ ಸೇರಿದ್ದರು.